ಫಲಕದಲ್ಲಿಲ್ಲದ ಹೆಸರು

ಕೆಂಗೇರಿ, ವಿಜಯನಗರಗಳ ಕಡೆಯಿಂದ ಮೈಸೂರು ರಸ್ತೆ ಹಿಡಿದು ಕೃಷ್ಣರಾಜ ಮಾರುಕಟ್ಟೆಗೆ ಬಂದರೆ ಬೆಂಗಳೂರು ಕೋಟೆಯ ಅಳಿದುಳಿದ ಭಾಗ ಕಾಣಸಿಗುತ್ತದೆ. ಕೆಂಪೇಗೌಡರ ಮಣ್ಣಿನ ಕೋಟೆಯನ್ನು 1761ರಲ್ಲಿ ಹೈದರ್ ಅಲಿ ಕಲ್ಲಿನಿಂದ ಪುನರ್ನಿರ್ಮಿಸಿದರು. ಅದರ ಗೋಡೆಯಲ್ಲಿ ಇಂಗ್ಲಿಷಿನ ಫಲಕವೊಂದಿದೆ. 1791ರ ಮಾರ್ಚ್ 21ರಂದು ಬ್ರಿಟಿಷರ ದಾಳಿಯು ಗೋಡೆಯ ಈ ಒಡಕಿನ ಮೂಲಕ ನಡೆಯಿತು ಎಂಬಷ್ಟೇ ಅದರ ಒಕ್ಕಣೆ. ಒಳನುಗ್ಗಿದವರು ಯಾರೆಂದು ಫಲಕ ತಿಳಿಸುತ್ತದೆ; ತಡೆದು ನಿಂತು ಪ್ರಾಣತೆತ್ತವರ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲ.

ತಡೆದು ನಿಂತವರ ಮುಂದಾಳು ಕೋಟೆಯ ಕಿಲ್ಲೇದಾರ ಬಹಾದ್ದೂರ್ ಖಾನ್. ಮಾರ್ಚ್ 7ರಂದೇ ಪೇಟೆಯು ಕಾರ್ನ್‌ವಾಲಿಸ್‌ನ ಸೇನೆಯ ವಶವಾಗಿತ್ತು. ಎರಡು ವಾರಗಳ ಬಳಿಕ ಫಿರಂಗಿಗಳ ಹೊಡೆತಕ್ಕೆ ಗೋಡೆ ಬಿರಿದು, ರಾತ್ರಿಯಲ್ಲಿ ಶತ್ರುಗಳು ಏರಿಬಂದಾಗ ಆ ವೃದ್ಧ ಸೇನಾನಿ ಹೋರಾಡುತ್ತಲೇ ಮಡಿದರು. ಅವರ ಪಾರ್ಥಿವ ಶರೀರವನ್ನು ಒಪ್ಪಿಸುವುದಾಗಿ ಕಾರ್ನ್‌ವಾಲಿಸ್ ಟಿಪ್ಪು ಸುಲ್ತಾನರಿಗೆ ಹೇಳಿಕಳುಹಿಸಿದನು. ಮಡಿದ ಊರಿನಲ್ಲೇ, ಅಲ್ಲಿಯ ಮುಸ್ಲಿಮರ ಕೈಯಿಂದ ದಫನವಾಗುವುದು ಆ ವೀರನಿಗೆ ತಕ್ಕ ಗೌರವವೆಂಬ ಅರ್ಥದ ಉತ್ತರವನ್ನು ಸುಲ್ತಾನರು ಕೊಟ್ಟರು. ಈ ಸಂಗತಿ ನಮಗೆ ತಿಳಿದಿರುವುದೂ ಎದುರು ಪಕ್ಷದವರ ಬರಹಗಳಿಂದಲೇ.

ಪೇಟೆಯ ಬಾಗಿಲಲ್ಲಿ ಮಡಿದ ಕರ್ನಲ್ ಮೂರ್‌ಹೌಸ್‌ನ ಸಾವನ್ನು ಕಲಾವಿದ ರಾಬರ್ಟ್ ಹೋಮ್ ವರ್ಣಚಿತ್ರವಾಗಿಸಿದನು. ಆ ಯುದ್ಧದಲ್ಲಿ ಸತ್ತ ಕಂಪನಿ ಸೇನೆಯವರಿಗಾಗಿ ಇಂದಿನ ಹಡ್ಸನ್ ವೃತ್ತದ ಬಳಿ ಸ್ಮಾರಕಸ್ತಂಭವೊಂದು ಎದ್ದಿತು. 1964ರಲ್ಲಿ ಅದನ್ನು ಕೆಡವಲಾಯಿತು. ಅದರ ಹೆಸರು ಹೊತ್ತಿದ್ದ ಸೆನೊಟಾಫ್ ರಸ್ತೆಯು ಈಗ ನೃಪತುಂಗ ರಸ್ತೆಯಾಗಿದೆ. ಕಲ್ಲಿನಲ್ಲಿ ಕೆತ್ತಿದ ನೆನಪಿಗೂ ಶಾಶ್ವತತೆಯಿಲ್ಲ.

ಇಸ್ಲಾಮೀ ಇತಿಹಾಸದ ಒಂದು ಘಟನೆಯನ್ನು ಇಲ್ಲಿ ಸ್ಮರಿಸಬಹುದು. ಹಿಜರಿ 21ರ ನಹಾವಂದ್ ಯುದ್ಧದ ವಾರ್ತೆ ಮದೀನಾ ತಲುಪಿದಾಗ, ಸೇನಾನಿ ನುಅಮಾನ್ ಬಿನ್ ಮುಕರ್ರಿನ್(ರ) ಹುತಾತ್ಮರಾದುದನ್ನು ಕೇಳಿ ಖಲೀಫಾ ಉಮರ್(ರ) ಅತ್ತರು. ತಾವು ಅರಿಯದ ಇನ್ನೂ ಅನೇಕರು ಮಡಿದಿದ್ದಾರೆಂದು ದೂತನು ಹೇಳಿದನು. ಉಮರ್ ಅರಿಯದಿದ್ದರೆ ಅವರಿಗೇನು ನಷ್ಟ, ಅಲ್ಲಾಹನು ಅವರನ್ನು ಬಲ್ಲನಲ್ಲವೇ ಎಂದು ಅವರು ಕಣ್ಣೀರಿನೊಂದಿಗೇ ನುಡಿದರೆಂದು ವರದಿಯಿದೆ.

ಹಾಗೆಂದು ಮರೆವನ್ನು ಸಮರ್ಥಿಸಿಕೊಳ್ಳುವಂತಿಲ್ಲ. ಫಲಕದಲ್ಲಿ ಹೆಸರಿಲ್ಲದ್ದರಿಂದ ಬಹಾದ್ದೂರ್ ಖಾನರಿಗೆ ನಷ್ಟವಿಲ್ಲ. ತಾವು ಹುಟ್ಟಿ ಬೆಳೆದ ನಗರಕ್ಕಾಗಿ ಯಾರು ಪ್ರಾಣತೆತ್ತರೆಂದು ತಿಳಿಯದೆ ಬೆಳೆಯುವ ನಮ್ಮ ಮಕ್ಕಳಿಗೆ ನಷ್ಟವಿದೆ. ಅವರನ್ನು ಒಮ್ಮೆ ಕೋಟೆಗೆ ಕರೆದೊಯ್ಯೋಣ. ಫಲಕವನ್ನು ಓದಿಸಿ, ಅದರಲ್ಲಿಲ್ಲದ ಹೆಸರನ್ನೂ ಹೇಳಿಕೊಡೋಣ. ಅವರೊಂದಿಗೆ ಮಡಿದು, ಹೆಸರೂ ಉಳಿಯದೆ ಹೋದ ಸಿಪಾಯಿಗಳನ್ನೂ ನೆನೆಯೋಣ.