ಜೀಡಿಮೆಟ್ಲಾ ಹೇಳುವ ಪಾಠ: ಸಣ್ಣ ಕಾರ್ಖಾನೆಗೆ ಪೇಟೆಂಟ್ ಬೇಕೇ, ಗುಟ್ಟು ಸಾಕೇ?

ಹೈದರಾಬಾದ್ ನಗರದ ಉತ್ತರಕ್ಕಿರುವ ಜೀಡಿಮೆಟ್ಲಾ ನಮ್ಮ ಬೆಂಗಳೂರಿನ ಪೀಣ್ಯದಂಥ ಜಾಗ. ಔಷಧಕ್ಕೆ ಬೇಕಾದ ಮೂಲ ರಾಸಾಯನಿಕ ತಯಾರಿಸುವ ಘಟಕಗಳ ಆಸುಪಾಸಿನಲ್ಲೇ ಯಂತ್ರದ ಬಿಡಿಭಾಗ, ಪ್ಲಾಸ್ಟಿಕ್, ಪ್ಯಾಕಿಂಗ್ ಕೆಲಸದ ಸಣ್ಣ ಘಟಕಗಳೂ ಇವೆ. ಇಂಥ ಕಡೆ ಹೊಸತನ ಅಂದರೆ ದೊಡ್ಡ ಸಂಶೋಧನೆಯೇ ಆಗಬೇಕಿಲ್ಲ. ಆರು ಹಂತದ ರಾಸಾಯನಿಕ ಕ್ರಿಯೆಯನ್ನು ಐದಕ್ಕೆ ಇಳಿಸುವುದು, ಬಳಸಿದ ದ್ರಾವಕವನ್ನು ಮತ್ತೆ ಬಳಸುವಂತೆ ಮಾಡುವುದು, ಬೇಗ ಕಳಚಿ ಜೋಡಿಸಬಹುದಾದ ಫಿಕ್ಸ್ಚರ್ ರೂಪಿಸುವುದು, ಇವೂ ಹೊಸತನವೇ. ಆದರೆ ಅದು ನಾಳೆ ಪಕ್ಕದ ಶೆಡ್ಡಿಗೆ ಹೋದರೆ ತಡೆಯುವುದು ಹೇಗೆ?

ವಿಧಾನದಿಂದಲೇ ಬೆಳೆದ ಊರು

ಹೈದರಾಬಾದ್ ಔಷಧ ಉದ್ಯಮದ ಹಿಂದೆ ಎರಡು ಕಾರಣಗಳಿವೆ. ಮೊದಲನೆಯದು ಜೀಡಿಮೆಟ್ಲಾದ ನೆರೆಯ ಬಾಲಾನಗರದಲ್ಲಿದ್ದ ಸರ್ಕಾರಿ ಕಂಪನಿ ಐಡಿಪಿಎಲ್‌ನ ಕಾರ್ಖಾನೆ. ಅಲ್ಲಿ ಕೆಲಸ ಕಲಿತ ತಂತ್ರಜ್ಞರು ಹೊರಬಂದು ಸ್ವಂತ ಘಟಕ ಕಟ್ಟಿದರು. 1984ರಲ್ಲಿ ಡಾ. ರೆಡ್ಡೀಸ್ ಸ್ಥಾಪಿಸಿದ ಅಂಜಿ ರೆಡ್ಡಿ ಕೂಡ ಐಡಿಪಿಎಲ್‌ನಲ್ಲಿ ದುಡಿದವರು.

ಎರಡನೆಯದು 1972ರಲ್ಲಿ ಜಾರಿಗೆ ಬಂದ 1970ರ ಪೇಟೆಂಟ್ ಕಾಯ್ದೆ. ಅದರಡಿ ಔಷಧಕ್ಕೆ ಪೇಟೆಂಟ್ ಇರಲಿಲ್ಲ, ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಇತ್ತು. ಅದೂ ಅರ್ಜಿ ಹಾಕಿದ ದಿನದಿಂದ ಏಳು ವರ್ಷ ಅಥವಾ ಮಂಜೂರಾದ ದಿನದಿಂದ ಐದು ವರ್ಷ, ಯಾವುದು ಕಡಿಮೆಯೋ ಅಷ್ಟು. ಹೀಗಾಗಿ ಅದೇ ಔಷಧವನ್ನು ಬೇರೆ ದಾರಿಯಲ್ಲಿ, ಕಡಿಮೆ ಖರ್ಚಿನಲ್ಲಿ ತಯಾರಿಸಬಲ್ಲವರೇ ಗೆದ್ದರು. 2005ರ ಜನವರಿ 1ರಿಂದ ಔಷಧಕ್ಕೂ 20 ವರ್ಷಗಳ ಪೇಟೆಂಟ್ ಬಂತು. ಈಗ ಇನ್ನೊಬ್ಬರ ಪೇಟೆಂಟ್ ಇರುವ ಔಷಧವನ್ನು ಯಾವ ದಾರಿಯಲ್ಲಿ ತಯಾರಿಸಿ ಮಾರಿದರೂ ತಪ್ಪು. ಆದರೆ ಅವಧಿ ಮುಗಿದ ಪೇಟೆಂಟ್ ಎಲ್ಲರ ಆಸ್ತಿ. ಅಲ್ಲಿ ಈಗಲೂ ಅಗ್ಗದ, ಶುದ್ಧ ವಿಧಾನ ಬಲ್ಲವರದ್ದೇ ಮೇಲುಗೈ.

ಕಾನೂನು ಎಲ್ಲಿ ಕೈ ಬಿಡುತ್ತದೆ?

ಸಣ್ಣ ಉದ್ಯಮಿಗಳು ಮೊದಲು ಓದಬೇಕಾದದ್ದು ಪೇಟೆಂಟ್ ಕಾಯ್ದೆಯ ಸೆಕ್ಷನ್ 3. ಗೊತ್ತಿರುವ ವಿಧಾನವನ್ನು ಸುಮ್ಮನೆ ಬಳಸಿದರೆ ಪೇಟೆಂಟ್ ಇಲ್ಲ. ಅದರಿಂದ ಹೊಸ ಉತ್ಪನ್ನ ಬರಬೇಕು ಅಥವಾ ಕನಿಷ್ಠ ಒಂದು ಹೊಸ ರಾಸಾಯನಿಕವಾದರೂ ಕ್ರಿಯೆಯಲ್ಲಿ ಭಾಗವಹಿಸಬೇಕು ಎನ್ನುತ್ತದೆ 3(ಡಿ). ತಮ್ಮಷ್ಟಕ್ಕೆ ತಾವು ಕೆಲಸ ಮಾಡುವ ಹಳೆಯ ಸಾಧನಗಳನ್ನು ಬೇರೆ ರೀತಿ ಜೋಡಿಸಿಟ್ಟ ಮಾತ್ರಕ್ಕೆ ಆವಿಷ್ಕಾರ ಆಗದು ಎನ್ನುತ್ತದೆ 3(ಎಫ್). ಒಂದು ಕೆಮಿಕಲ್ ಘಟಕಕ್ಕೆ, ಇನ್ನೊಂದು ವರ್ಕ್‌ಶಾಪ್‌ಗೆ ನೇರವಾಗಿ ತಗಲುತ್ತದೆ. ಜರ್ಮನಿ, ಚೀನಾ, ಜಪಾನ್‌ನಲ್ಲಿ ಸಣ್ಣ ಸುಧಾರಣೆಗಳಿಗೆ 'ಯುಟಿಲಿಟಿ ಮಾಡೆಲ್' ಎಂಬ ಕಿರು ಪೇಟೆಂಟ್ ಇದೆ. ಭಾರತದಲ್ಲಿ ಇಲ್ಲ. ಸಣ್ಣ ಉದ್ಯಮಗಳ ಮಟ್ಟಿಗೆ ಇದು ದೊಡ್ಡ ಕೊರತೆ ಎಂದೇ ಹೇಳಬೇಕು.

ಹಾಗಾದರೆ ಪೇಟೆಂಟ್ ಯಾವುದಕ್ಕೆ, ಗುಟ್ಟು ಯಾವುದಕ್ಕೆ? ಒಂದು ಸರಳ ಪರೀಕ್ಷೆ ಇದೆ. ನಿಮ್ಮ ಉತ್ಪನ್ನ ಕೊಂಡವರು ಅದನ್ನು ಬಿಚ್ಚಿ ನೋಡಿ ಕಲಿಯಬಹುದೇ? ಯಂತ್ರ, ವಾಲ್ವ್, ಮೋಲ್ಡ್ ಆದರೆ ಕಲಿಯಬಹುದು. ಅಲ್ಲಿ ಗುಟ್ಟು ನಿಲ್ಲದು, ಪೇಟೆಂಟ್ ಅಥವಾ ಡಿಸೈನ್ ನೋಂದಣಿಯೇ ದಾರಿ. ಆದರೆ ರಿಯಾಕ್ಟರ್ ಒಳಗಿನ ತಾಪಮಾನ, ಸೇರಿಸುವ ಕ್ರಮ, ಹರಳುಗಟ್ಟಿಸುವ ವೇಗ ಮಾರುವ ಪುಡಿಯನ್ನು ನೋಡಿದರೆ ಸಾಮಾನ್ಯವಾಗಿ ಗೊತ್ತಾಗುವುದಿಲ್ಲ. ಪೇಟೆಂಟ್ ಅರ್ಜಿ ಸಾಮಾನ್ಯವಾಗಿ 18 ತಿಂಗಳಿಗೆ ಪ್ರಕಟವಾಗುತ್ತದೆ, ಅಂದರೆ ನಿಮ್ಮ ಪಾಕವಿಧಾನವನ್ನು ಎಲ್ಲರೂ ಓದಬಹುದು. ಪ್ರತಿಸ್ಪರ್ಧಿ ತನ್ನ ಗೋಡೆಯೊಳಗೆ ಅದನ್ನೇ ಮಾಡುತ್ತಿದ್ದರೆ ಸಾಬೀತು ಮಾಡುವುದು ಸುಲಭವಲ್ಲ. ಇಂಥ ವಿಷಯಕ್ಕೆ ಹಲವು ಬಾರಿ ಗುಟ್ಟೇ ಮೇಲು.

ಆದರೆ ಗುಟ್ಟು ಕಾಯುವುದೂ ಒಂದು ಕೆಲಸವೇ. ಭಾರತದಲ್ಲಿ ವ್ಯಾಪಾರ ರಹಸ್ಯಕ್ಕೆಂದೇ ಪ್ರತ್ಯೇಕ ಕಾಯ್ದೆ ಇಲ್ಲ. ಇಂಥದ್ದೊಂದು ಬೇಕೆಂದು ಕಾನೂನು ಆಯೋಗ 2024ರ ಮಾರ್ಚ್‌ನಲ್ಲಿ ತನ್ನ 289ನೇ ವರದಿಯಲ್ಲಿ ಶಿಫಾರಸು ಮಾಡಿದೆ. ಸದ್ಯಕ್ಕೆ ಆಧಾರ ನೌಕರರ ಜತೆಗಿನ ಗೋಪ್ಯತಾ ಒಪ್ಪಂದ. ಕೆಲಸ ಬಿಟ್ಟ ಮೇಲೆ ಪ್ರತಿಸ್ಪರ್ಧಿ ಕಂಪನಿಗೆ ಸೇರಲೇಬಾರದು ಎಂಬ ಷರತ್ತು 1872ರ ಒಪ್ಪಂದ ಕಾಯ್ದೆಯ ಸೆಕ್ಷನ್ 27ರ ಮುಂದೆ ನಿಲ್ಲುವುದಿಲ್ಲ. ಗುಟ್ಟನ್ನು ಹೊತ್ತೊಯ್ಯಬಾರದು ಎಂಬ ಷರತ್ತು ನಿಲ್ಲಬಹುದು, ಆ ಗುಟ್ಟು ಏನೆಂದು ಬರವಣಿಗೆಯಲ್ಲಿ ಗುರುತಿಸಿದ್ದರೆ. ಐಡಿಪಿಎಲ್ ಬಿಟ್ಟವರಿಂದಲೇ ಬೆಳೆದ ಊರಿನಲ್ಲಿ ಈ ವ್ಯತ್ಯಾಸ ತಿಳಿದಿರಬೇಕು.

ತೋರಿಸುವ ಮೊದಲು ಅರ್ಜಿ

ವಸ್ತುಪ್ರದರ್ಶನದಲ್ಲಿ ಇಟ್ಟು, ನಾಲ್ಕು ಗ್ರಾಹಕರಿಗೆ ಮಾರಿ, ಆಮೇಲೆ ಪೇಟೆಂಟ್‌ಗೆ ಹೋದರೆ 'ಹೊಸದು' ಎಂಬ ಅರ್ಹತೆಯೇ ಹೋಗಿರುತ್ತದೆ. ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದರ್ಶನಗಳಿಗೆ ಮಾತ್ರ 12 ತಿಂಗಳ ವಿನಾಯಿತಿ ಉಂಟು. ಪೂರ್ತಿ ಸಿದ್ಧವಾಗಿಲ್ಲದಿದ್ದರೆ ತಾತ್ಕಾಲಿಕ ವಿವರಣೆ ಸಲ್ಲಿಸಿ ದಿನಾಂಕ ಹಿಡಿದುಕೊಳ್ಳಿ, ಪೂರ್ಣ ವಿವರಣೆಗೆ 12 ತಿಂಗಳು ಸಮಯವಿದೆ. ತೆಲಂಗಾಣ, ಕರ್ನಾಟಕ ಎರಡಕ್ಕೂ ಪೇಟೆಂಟ್ ಕಚೇರಿ ಚೆನ್ನೈನದ್ದೇ. ಅರ್ಜಿ ಆನ್‌ಲೈನ್‌ನಲ್ಲಿ ಹಾಕಬಹುದು.

ಶುಲ್ಕ ಹಲವರು ಹೆದರುವಷ್ಟಿಲ್ಲ. ಸಣ್ಣ ಉದ್ಯಮಕ್ಕೆ ಆನ್‌ಲೈನ್ ಪೇಟೆಂಟ್ ಅರ್ಜಿಗೆ 1,600 ರೂಪಾಯಿ, ದೊಡ್ಡ ಕಂಪನಿಗೆ 8,000. ಉದ್ಯಮ್ ನೋಂದಣಿಯೊಂದಿಗೆ ಫಾರಂ 28 ಕೊಟ್ಟರೆ ಈ ರಿಯಾಯಿತಿ ಸಿಗುತ್ತದೆ. ಟ್ರೇಡ್‌ಮಾರ್ಕ್‌ಗೆ ಪ್ರತಿ ವರ್ಗಕ್ಕೆ 4,500 ರೂಪಾಯಿ. ಪೇಟೆಂಟ್ ಅರ್ಜಿ ಹಾಕಿದರಷ್ಟೇ ಸಾಲದು, ಪರೀಕ್ಷೆಗೆ ಬೇರೆ ಕೋರಿಕೆ ಸಲ್ಲಿಸಬೇಕು. 2024ರ ಮಾರ್ಚ್ 15ರ ನಂತರದ ಅರ್ಜಿಗಳಿಗೆ ಅದರ ಗಡುವು 48ರಿಂದ 31 ತಿಂಗಳಿಗೆ ಇಳಿದಿದೆ. ನಿಜವಾದ ಖರ್ಚು ಇರುವುದು ವಿವರಣೆ ಬರೆಯುವ ಪೇಟೆಂಟ್ ಏಜೆಂಟರ ಶುಲ್ಕದಲ್ಲಿ. ಅಲ್ಲಿ ಉಳಿಸಲು ಹೋದರೆ ಪೇಟೆಂಟ್ ಕಾಗದದ ಮೇಲಷ್ಟೇ ಉಳಿದೀತು.

ಡ್ರಾಯಿಂಗ್‌ಗಳ ಬಗ್ಗೆಯೂ ಎಚ್ಚರ ಬೇಕು. ಡಿಸೈನ್ ಆಗಿ ನೋಂದಾಯಿಸಬಹುದಾದ ವಿನ್ಯಾಸವನ್ನು ನೋಂದಾಯಿಸದೆ 50ಕ್ಕಿಂತ ಹೆಚ್ಚು ವಸ್ತು ತಯಾರಿಸಿದರೆ, ಆ ವಿನ್ಯಾಸದ ಮೇಲಿನ ಕಾಪಿರೈಟ್ ಹೋಗುತ್ತದೆ. ಡಿಸೈನ್ ನೋಂದಾಯಿಸಿದರೆ 10 ವರ್ಷ, ನವೀಕರಿಸಿದರೆ ಇನ್ನೂ 5 ವರ್ಷ ರಕ್ಷಣೆ. ಜಾಬ್‌ವರ್ಕ್ ಮಾಡುವವರು ತಾವು ಸುಧಾರಿಸಿದ ಡ್ರಾಯಿಂಗ್ ಯಾರದ್ದು ಎಂಬುದನ್ನು ಪರ್ಚೇಸ್ ಆರ್ಡರ್‌ನಲ್ಲೇ ಬರೆಸಿಕೊಳ್ಳುವುದು ಒಳಿತು.

ರಫ್ತು ಮಾಡುವವರಿಗೆ ಇನ್ನೊಂದು ಮಾತು. ಭಾರತದ ಪೇಟೆಂಟ್ ಭಾರತದೊಳಗೆ ಮಾತ್ರ. ಹೊರದೇಶದಲ್ಲಿ ಬೇಕಿದ್ದರೆ ಮೊದಲ ಅರ್ಜಿಯಿಂದ 12 ತಿಂಗಳೊಳಗೆ ಹೆಜ್ಜೆ ಇಡಬೇಕು. ಕೇಂದ್ರದ ಎಂಎಸ್‌ಎಂಇ ಇನ್ನೊವೇಟಿವ್ ಯೋಜನೆಯಡಿ ವಿದೇಶಿ ಪೇಟೆಂಟ್‌ಗೆ 5 ಲಕ್ಷ ರೂಪಾಯಿ, ದೇಶದೊಳಗಿನ ಪೇಟೆಂಟ್‌ಗೆ 1 ಲಕ್ಷದವರೆಗೆ ಮರುಪಾವತಿ ಉಂಟು. ಆದರೆ ಹಣ ಬರುವುದು ಪೇಟೆಂಟ್ ಮಂಜೂರಾದ ಮೇಲೆ, ಅಲ್ಲಿಯವರೆಗಿನ ಖರ್ಚನ್ನು ಉದ್ಯಮಿಯೇ ತೂಗಿಸಬೇಕು.