ಉಸಿರಿಗೆ ಕಾವಲಿದ್ದವರು



ಫೆಬ್ರವರಿ 11 ಲೂರ್ದು ಮಾತೆಯ ಹಬ್ಬ. ಸಂತ ದ್ವಿತೀಯ ಜಾನ್ ಪಾಲರ ಇಚ್ಛೆಯಂತೆ 1993ರಿಂದ ಇದು ವಿಶ್ವ ರೋಗಿಗಳ ದಿನವೂ ಹೌದು. ನಮ್ಮ ನವಲಗುಂದ, ಅಣ್ಣಿಗೇರಿ, ಕುಂದಗೋಳ ಸೀಮೆಯಲ್ಲಿ ಈಗ ಕಡಲೆ, ಜೋಳದ ಸುಗ್ಗಿ. ಕಣದ ಧೂಳು, ಒಲೆಯ ಹೊಗೆ, ಮುಂಜಾನೆಯ ಚಳಿ ಸೇರಿ ದಮ್ಮಿನ ಹಿರಿಯರಿಗೆ ಉಸಿರಾಟವೇ ಕಷ್ಟವಾಗುವ ಕಾಲ. ಆದ್ದರಿಂದ ಉಸಿರಾಟದ ರೋಗಿಗಳ ಆರೈಕೆಯ ಚರಿತ್ರೆಯನ್ನು ಈ ಹಬ್ಬದಲ್ಲಿ ಧ್ಯಾನಿಸೋಣ.

ದೇವರು ಮಣ್ಣಿನ ಮನುಷ್ಯನ ಮೂಗಿನಲ್ಲಿ ಜೀವಶ್ವಾಸ ಊದಿದರೆಂದು ಆದಿಕಾಂಡ ತಿಳಿಸುತ್ತದೆ. ಆ ಶ್ವಾಸವನ್ನು ಕಾಯುವ ಸೇವೆಯನ್ನು ಅವರು ನಮ್ಮ ಕೈಗೇ ಒಪ್ಪಿಸಿದ್ದಾರೆ.

ಲೂರ್ದಿನ ಸಂತ ಬೆರ್ನದೆತ್ ಸ್ವತಃ ದಮ್ಮಿನ ರೋಗಿ. 1844ರಲ್ಲಿ ಬಡ ಗಿರಣಿಗಾರನ ಮಗಳಾಗಿ ಹುಟ್ಟಿದ ಅವರನ್ನು 1855ರ ಕಾಲರಾ ಮತ್ತಷ್ಟು ಕುಗ್ಗಿಸಿತು. 1858ರಲ್ಲಿ ಮಾತೆಯ ದರ್ಶನವಾದಾಗ ಅವರ ಕುಟುಂಬ ಹಳೆಯ ಸೆರೆಮನೆಯ ಒಂದೇ ತೇವದ ಕೋಣೆಯಲ್ಲಿ ವಾಸವಾಗಿತ್ತು. 1866ರಲ್ಲಿ ನೆವೇರ್ ಪಟ್ಟಣದ ಕಾನ್ವೆಂಟ್ ಸೇರಿ, ಅಲ್ಲಿ ಅಸ್ವಸ್ಥ ಭಗಿನಿಯರ ಶುಶ್ರೂಷೆ ಮಾಡಿದರು. 1879ರ ಏಪ್ರಿಲ್ 16ರಂದು ಪ್ರಾಣ ಬಿಟ್ಟದ್ದು ಕುರ್ಚಿಯಲ್ಲಿ ಕುಳಿತೇ. ಮಲಗಿದರೆ ಏದುಸಿರು ಹೆಚ್ಚುತ್ತದೆ, ಕುಳಿತರೆ ಎದೆ ಹಗುರಾಗುತ್ತದೆ ಎಂಬುದು ದಾದಿಯರಿಗೆಲ್ಲ ಗೊತ್ತು.

ಅದೇ ಕಾಲದಲ್ಲಿ, 1859ರಲ್ಲಿ, ಫ್ಲಾರೆನ್ಸ್ ನೈಟಿಂಗೇಲ್ ಶುಶ್ರೂಷೆಯ ಪುಸ್ತಕ ಬರೆದರು. ಅವರ ಮೊದಲ ನಿಯಮ ಗಾಳಿಯದು: ರೋಗಿಗೆ ಚಳಿ ತಾಗಬಾರದು, ಆದರೆ ಒಳಗಿನ ಗಾಳಿ ಹೊರಗಿನಷ್ಟೇ ಶುದ್ಧವಾಗಿರಬೇಕು.

ನಮ್ಮ ರಾಜ್ಯದ ಪಾಠವೂ ಒಂದಿದೆ. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ಅದರ ಸಂಶೋಧಕರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ವಿಚಾರಿಸಿದಾಗ, ಕ್ಷಯರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಾವಾಗಿಯೇ ಚಿಕಿತ್ಸೆ ಕೇಳಿ ಹೋಗಿದ್ದರೆಂದು ಕಂಡಿತು. ಹೆಚ್ಚಿನವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧದ ಬಾಟಲಿ ಮಾತ್ರ! ಬಡವರು ಬಾಗಿಲು ತಟ್ಟಿದ್ದರು, ಒಳಗಿದ್ದವರು ಅವರ ಎದೆಗೆ ಕಿವಿಗೊಟ್ಟಿರಲಿಲ್ಲ. ಇಂಥ ಅಧ್ಯಯನಗಳ ಆಧಾರದ ಮೇಲೆ 1962ರ ರಾಷ್ಟ್ರೀಯ ಕ್ಷಯ ನಿಯಂತ್ರಣ ಕಾರ್ಯಕ್ರಮ ಸಾಮಾನ್ಯ ಆಸ್ಪತ್ರೆಗಳಲ್ಲೇ ಕಫ ಪರೀಕ್ಷೆ, ಔಷಧಿಗೆ ದಾರಿ ಮಾಡಿತು.

2021ರ ಮೇ ತಿಂಗಳನ್ನು ನಾವು ಮರೆಯಲಾರೆವು. ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕ ಸಾಲದೆ ರೋಗಿಗಳು ತೀರಿಕೊಂಡರು. ಸಿಲಿಂಡರ್ ಬೇಕೇ ಬೇಕು. ಆದರೆ ಬೆರಳಿಗೆ ಆಕ್ಸಿಮೀಟರ್ ಹಾಕಿ ನೋಡುವುದಕ್ಕೆ, ಬೋರಲು ಮಲಗಿಸುವುದಕ್ಕೆ, ಬಾಯಿಗೆ ಗುಟುಕು ನೀರು ಹಾಕುವುದಕ್ಕೆ ಮನುಷ್ಯರೇ ಬೇಕು. ಮನೆಯವರೂ ಹತ್ತಿರ ಬರಲಾಗದ ಆ ದಿನಗಳಲ್ಲಿ ದಾದಿಯರು ಆ ಕೆಲಸ ಮಾಡಿದರು.

ಪ್ರಿಯರೇ, ನಮ್ಮ ಮನೆಗಳಲ್ಲೂ ಈ ಸೇವೆ ನಡೆಯಲಿ. ದಮ್ಮು ಹತ್ತಿದ ಅಜ್ಜನನ್ನು ಕತ್ತಲೆಯ ಖೋಲಿಯಲ್ಲಿ ಮಲಗಿಸದೆ, ದಿಂಬು ಒತ್ತಿಟ್ಟು ಕೂಡ್ರಿಸಿ, ಕಿಟಕಿ ತೆರೆಯಿರಿ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಿ. ಕೆಮ್ಮು ಬಂದ ಮಗುವಿನ ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60, ವರ್ಷದೊಳಗೆ 50, ಐದು ವರ್ಷದೊಳಗೆ 40 ಅಥವಾ ಹೆಚ್ಚಾದರೆ, ಇಲ್ಲವೆ ಪಕ್ಕೆ ಒಳಸೆಳೆದರೆ, ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಅಭ್ಯಂಗಕ್ಕೆ ಗುರುಗಳನ್ನು ಕರೆಯಿರಿ, 108ಕ್ಕೂ ಕರೆ ಮಾಡಿರಿ. ಅಭ್ಯಂಗವು ಕೊನೆಯ ಗಳಿಗೆಗೆ ಮಾತ್ರ ಮೀಸಲಾದ ಸಂಸ್ಕಾರವಲ್ಲ.

ನಮ್ಮೂರ ನರ್ಸಬಾಯಿಯರಿಗಾಗಿ, ಆಶಾ ಕಾರ್ಯಕರ್ತೆಯರಿಗಾಗಿ, ಉಸಿರಿಗೆ ತಡಕಾಡುವ ಎಲ್ಲರಿಗಾಗಿ ಈ ಹಬ್ಬದ ಬಲಿಪೂಜೆಯಲ್ಲಿ ಪ್ರಾರ್ಥಿಸೋಣ. ಲೂರ್ದು ಮಾತೆಯೇ, ನಮಗಾಗಿ ಪ್ರಾರ್ಥಿಸಿರಿ.