ಹೋದವರು ಬರಲ್ಲ, ಮೊಮ್ಮಕ್ಕಳು ಬರ್ತಾರೆ: ಏರೋಪ್ಲೇನ್ ಚಿಟ್ಟೆಯ ಕಡಲಯಾನ

ಮಳೆಗಾಲ ಮುಗಿಯೋ ಹೊತ್ತಿಗೆ ಪುಣೆಯಲ್ಲೋ ಹೈದರಾಬಾದ್‌ನಲ್ಲೋ ನಿಮ್ಮ ಅಪಾರ್ಟ್‌ಮೆಂಟ್ ಪಕ್ಕದ ಖಾಲಿ ಸೈಟಿನ ಮೇಲೆ ಹಳದಿ ಏರೋಪ್ಲೇನ್ ಚಿಟ್ಟೆಗಳು ಗುಂಪುಗುಂಪಾಗಿ ಹಾರಾಡೋದನ್ನ ನೋಡಿರ್ತೀರಿ. ಚಿಕ್ಕವರಿದ್ದಾಗ ಇವುಗಳ ಬಾಲಕ್ಕೆ ದಾರ ಕಟ್ಟಿ ಆಡಿದವರೂ ನಮ್ಮಲ್ಲಿ ಇದ್ದೀರಿ. ಕೆಲವು ವಾರ ಬಿಟ್ಟು ನೋಡಿದರೆ ಆ ಗುಂಪೇ ಇರಲ್ಲ. ಎಲ್ಲಿಗೆ ಹೋದವು? ಇದಕ್ಕೆ ಉತ್ತರ ಸಿಗೋಕೆ ಇನ್ನೂರು ವರ್ಷಕ್ಕಿಂತ ಹೆಚ್ಚು ಬೇಕಾಯ್ತು. ಇವತ್ತಿನ ಮಾತು ಅದರ ಬಗ್ಗೆ.

ಈ ಹಳದಿ ಚಿಟ್ಟೆಯ ವೈಜ್ಞಾನಿಕ ಹೆಸರು ಪ್ಯಾಂಟಾಲ ಫ್ಲಾವೆಸೆನ್ಸ್. 1798ರಲ್ಲಿ ಡೆನ್ಮಾರ್ಕಿನ ಕೀಟತಜ್ಞ ಫ್ಯಾಬ್ರಿಷಿಯಸ್ ಇದನ್ನ ಮೊದಲು ವರ್ಣಿಸಿದರು. ಆಗಿನ ಅಧ್ಯಯನ ಅಂದರೆ ಹಿಡಿಯೋದು, ಸೂಜಿ ಚುಚ್ಚಿ ಪೆಟ್ಟಿಗೆಯಲ್ಲಿ ಇಡೋದು, ಹೆಸರು ಕೊಡೋದು. ನಮ್ಮ ಕಡೆ ಈ ಕೆಲಸವನ್ನ ದೊಡ್ಡದಾಗಿ ಮಾಡಿದವರು ಎಫ್. ಸಿ. ಫ್ರೇಸರ್. ವೃತ್ತಿಯಿಂದ ಸೇನೆಯ ಡಾಕ್ಟರ್! ಕೊಡಗು, ನೀಲಗಿರಿ ಅಂತ ಪಶ್ಚಿಮ ಘಟ್ಟದ ಹೊಳೆ ಬದಿಯಲ್ಲಿ ಬಲೆ ಹಿಡಿದು ಅಲೆದರು. 1933, 1934, 1936ರಲ್ಲಿ ಬಂದ ಅವರ ಮೂರು ಸಂಪುಟಗಳನ್ನ ಇವತ್ತಿಗೂ ಈ ಕ್ಷೇತ್ರದವರು ತೆರೆದು ನೋಡ್ತಾರೆ.

ಆದರೆ ಪೆಟ್ಟಿಗೆಯೊಳಗಿನ ಕೀಟ ತಾನು ಯಾರು ಅಂತ ಹೇಳುತ್ತೆ, ಎಲ್ಲಿಗೆ ಹೊರಟಿತ್ತು ಅಂತ ಹೇಳಲ್ಲ. ಆ ಪ್ರಶ್ನೆ ಹಿಡಿದವರು ಮಾಲ್ಡೀವ್ಸ್‌ನಲ್ಲಿದ್ದ ಚಾರ್ಲ್ಸ್ ಆಂಡರ್ಸನ್. ಇವರೂ ಕೀಟತಜ್ಞರಲ್ಲ, ಕಡಲಜೀವಿಗಳನ್ನ ಓದಿದವರು. ಪ್ರತಿವರ್ಷ ಅಕ್ಟೋಬರ್ ಬಂದರೆ ಮಾಲೆಯಲ್ಲಿ ಈ ಚಿಟ್ಟೆಗಳು ದಂಡುದಂಡಾಗಿ ಇಳಿಯೋದನ್ನ ಅವರು ಗಮನಿಸಿದರು. ಏರೋಪ್ಲೇನ್ ಚಿಟ್ಟೆ ಮೊಟ್ಟೆ ಇಡೋಕೆ ಸಿಹಿನೀರು ಬೇಕು, ಮರಿ ಬೆಳೆಯೋದೂ ನೀರಿನಲ್ಲೇ. ಮಾಲ್ಡೀವ್ಸ್‌ನಲ್ಲೋ ಹೊಳೆಯಿಲ್ಲ, ಕೆರೆ ಅನ್ನುವಂಥದ್ದು ಇಲ್ಲವೇ ಇಲ್ಲ ಅನ್ನಬಹುದು. ದಕ್ಷಿಣ ಭಾರತದ ತುದಿಯಿಂದ ಸುಮಾರು 600 ಕಿ.ಮೀ. ಕಡಲು ದಾಟಿ ಇಲ್ಲಿಗೆ ಬರ್ತಾ ಇದ್ದಾವಾ?

ಅಲ್ಲಿನ ಜನಕ್ಕೆ ಇದು ಹೊಸದೇನಲ್ಲ. ನಮ್ಮ ರೈತರ ಮಳೆ ನಕ್ಷತ್ರಗಳ ಹಾಗೆ ಅವರಿಗೂ 'ನಕೈ' ಅನ್ನೋ ಲೆಕ್ಕ ಇದೆ. ಅಕ್ಟೋಬರ್ ಕೊನೆಯ 'ಹೇ' ನಕೈ ಹೆಸರಿನಲ್ಲೇ ಈ ಚಿಟ್ಟೆಯನ್ನ ಕರೀತಾರೆ. ನಮ್ಮ ಕಡೆ ಸ್ವಾತಿ ಮಳೆಯ ಹೊತ್ತು ಅದು!

ಆಂಡರ್ಸನ್ ಮಾಡಿದ್ದು ಸರಳ ಕೆಲಸ. ವರ್ಷವರ್ಷವೂ ಚಿಟ್ಟೆ ಬಂದ ದಿನ ಬರೆದಿಟ್ಟರು. ಬೇರೆ ದ್ವೀಪ, ಬೇರೆ ದೇಶದವರು ಕಂಡ ದಿನಗಳನ್ನ ಕಲೆಹಾಕಿದರು. ಅಕ್ಟೋಬರ್‌ನಲ್ಲಿ ಮಾಲೆ, ನವೆಂಬರ್‌ನಲ್ಲಿ ಸೀಷೆಲ್ಸ್, ಆಮೇಲೆ ಪೂರ್ವ ಆಫ್ರಿಕಾ. ಒಂದು ತೊಡಕಿತ್ತು: ಆ ಹೊತ್ತಿಗೆ ಮಾಲೆಯ ನೆಲಮಟ್ಟದಲ್ಲಿ ಗಾಳಿ ಪಶ್ಚಿಮದಿಂದ ಬೀಸುತ್ತೆ, ಚಿಟ್ಟೆಗೆ ಎದುರುಗಾಳಿ. ಆದರೆ ಸಾವಿರ ಮೀಟರ್‌ಗಿಂತ ಮೇಲೆ ಈಶಾನ್ಯದ ಗಾಳಿ. ಅದನ್ನೇ ಹಿಡಿದು ಬರ್ತಾವೆ ಅಂತ ಅವರು 2009ರ ಪ್ರಬಂಧದಲ್ಲಿ ವಾದಿಸಿದರು. ಇಡೀ ಸುತ್ತು 14,000ದಿಂದ 18,000 ಕಿ.ಮೀ. ಅಂತ ಅವರ ಅಂದಾಜು.

ಹುಟ್ಟಿದ ಜಾಗ ಗೊತ್ತಾಗೋದು ಹೇಗೆ? ಗ್ರಾಂ ತೂಕವೂ ಇಲ್ಲದ ಜೀವಕ್ಕೆ ಇಷ್ಟು ದೂರದ ಜಾಡು ಹಿಡಿಯೋ ಜಿಪಿಎಸ್ ಹೊರಿಸೋಕಾಗಲ್ಲ. ಇಲ್ಲಿ ರಸಾಯನಶಾಸ್ತ್ರ ಕೈಹಿಡೀತು. ಮಳೆನೀರಿನಲ್ಲಿ ಭಾರವಾದ ಹೈಡ್ರೋಜನ್‌ನ ಪ್ರಮಾಣ ಒಂದೊಂದು ಪ್ರದೇಶಕ್ಕೆ ಒಂದೊಂದು ಥರ. ಮರಿ ಬೆಳೆದ ಗುಂಡಿಯ ನೀರಿನ ಗುರುತು ರೆಕ್ಕೆಗೆ ಸೇರುತ್ತೆ. ರೆಕ್ಕೆ ಮೂಡಿದ ಮೇಲೆ ಅದು ಬದಲಾಗಲ್ಲ. ಕೀತ್ ಹಾಬ್ಸನ್, ಆಂಡರ್ಸನ್ ಮತ್ತು ಜೊತೆಗಾರರು ಮಾಲ್ಡೀವ್ಸ್‌ನ ಚಿಟ್ಟೆಗಳ ರೆಕ್ಕೆ ಪರೀಕ್ಷಿಸಿ 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ದಕ್ಷಿಣ ಭಾರತದ ನೀರಿಗೆ ಅದು ಹೊಂದಲಿಲ್ಲ. ಉತ್ತರ, ಈಶಾನ್ಯ ಭಾರತದ ಕಡೆಗೋ ಅದರಾಚೆಗೋ ಬೊಟ್ಟು ಮಾಡಿತು. ಅಂದರೆ ಕಡಲಿಗೆ ಇಳಿಯೋ ಮೊದಲೇ ಅವು ನೆಲದ ಮೇಲೆ ಸಾವಿರಾರು ಕಿ.ಮೀ. ಬಂದಿದ್ದವು. ಊರು ಬಿಟ್ಟು ಎಷ್ಟು ದೂರ ಹೋದರೂ ಹುಟ್ಟೂರಿನ ನೀರು ರೆಕ್ಕೆಯಲ್ಲೇ ಇರುತ್ತೆ ನೋಡಿ.

ಇನ್ನೊಂದು ಮಾತು. ಹೋದ ಚಿಟ್ಟೆಯೇ ವಾಪಸ್ ಬರಲ್ಲ. ಆಫ್ರಿಕಾದ ಮಳೆಗುಂಡಿಗಳಲ್ಲಿ ಮೊಟ್ಟೆ ಇಟ್ಟು ಅದರ ಬದುಕು ಮುಗಿಯುತ್ತೆ. ಮುಂಗಾರಿನ ಗಾಳಿ ಹಿಡಿದು ಈ ಕಡೆ ಬರೋದು ಅದರ ಮಕ್ಕಳೋ ಮೊಮ್ಮಕ್ಕಳೋ. ಈ ನೆಲವನ್ನ ಅವು ಕಂಡೇ ಇರಲ್ಲ. ಪರಊರಲ್ಲಿ ಮಕ್ಕಳನ್ನ ಬೆಳೆಸ್ತಿರೋ ನಮಗೆ ಇದು ಯಾಕೋ ಮನಸ್ಸಿಗೆ ತಟ್ಟುತ್ತೆ ಅಲ್ವಾ?

ಇಷ್ಟೆಲ್ಲಾ ನಿಂತಿರೋದು ಮಳೆನೀರು ನಿಲ್ಲೋ ಗುಂಡಿಗಳ ಮೇಲೆ. ಬೆಚ್ಚಗಿನ ನೀರಲ್ಲಿ ಪ್ಯಾಂಟಾಲದ ಮರಿ ಆರೇಳು ವಾರಕ್ಕೆ ಬೆಳೆದುಬಿಡುತ್ತೆ. ಗುಂಡಿ ಒಣಗೋ ಮೊದಲೇ ಹಾರಬೇಕಲ್ಲ! ಅಲ್ಲಿರೋವಷ್ಟು ದಿನ ಸೊಳ್ಳೆ ಮರಿಗಳನ್ನೂ ತಿನ್ನುತ್ತೆ. ನಾವು ಖಾಲಿ ಸೈಟು ಅಂದುಕೊಂಡು ಕಾಂಕ್ರೀಟ್ ಸುರಿಯೋ ಜಾಗ ಆ ವಂಶದ ಒಂದು ತಲೆಮಾರಿನ ತೊಟ್ಟಿಲು.

ಈ ಸಲ ಮೊದಲ ಹಳದಿ ಚಿಟ್ಟೆ ಕಂಡ ದಿನ, ಊರು, ಗಾಳಿ ಯಾವ ಕಡೆಯದು ಅಂತ ಫೋನಿನಲ್ಲಿ ಬರೆದಿಡಿ. ಮುಂದಿನ ವರ್ಷವೂ ಬರೆಯಿರಿ. ಆಂಡರ್ಸನ್ ಶುರು ಮಾಡಿದ್ದೂ ಹಾಗೇ. ಮಕ್ಕಳನ್ನ ಜೊತೆಗೆ ಕರೆದುಕೊಳ್ಳಿ, ದಾರ ಮಾತ್ರ ಬೇಡ. ಮತ್ತೆ ಸಿಗೋಣ.